ಒಂದಕ್ಕೆ ನಿಲ್ಲು, ಎರಡಕ್ಕೆ ರೈಟ್

ತೋವಿನಕೆರೆ
11 ಫೆಬ್ರವರಿ 2024

ಅಕ್ಕಾ,

ನಿನ್ನ ತಮ್ಮ ಓಬಳರಾಜು ಮಾಡುವ ಸಾಷ್ಟಾಂಗ ನಮಸ್ಕಾರ. ಎಂಟು ಅಂಗದಲ್ಲಿ ಮಂಡಿ ಎರಡೂ ನನ್ನ ಜೊತೆಗೇ ರಿಟೈರಾಗಿವೆ. ಬಾಕಿ ಅಂಗಗಳ ನಮಸ್ಕಾರವನ್ನೇ ಪೂರ್ತಿ ಎಂದು ಹಿಡಿದುಕೋ.

ನಿನ್ನ ಕಿವಿ ಪೂರ್ತಿ ಹೋದ ಮೇಲೆ ನಾನು ಫೋನಿನಲ್ಲಿ ಕಿರುಚಿದ್ದು ಇಡೀ ಪಾವಗಡಕ್ಕೆ ಕೇಳುತ್ತಿತ್ತು, ನಿನಗೊಬ್ಬಳಿಗೆ ಬಿಟ್ಟು. ಅದಕ್ಕೇ ಕಾಗದ. ಕಾರ್ಡಿನಲ್ಲಿ ಬರೆದರೆ ಪೋಸ್ಟಿನವನು ಮೊದಲು ಓದಿ, ನಕ್ಕು, ಆಮೇಲೆ ಕೊಡುತ್ತಾನೆ. ಅದಕ್ಕೇ ಕವರು.

ಸಮಾಚಾರ ಏನೆಂದರೆ, ನನ್ನ ಹೆಂಡತಿ, ನಿನ್ನ ನಾದಿನಿ ಗಂಗಲಕ್ಷ್ಮಿ ಕೆಲಸಕ್ಕೆ ಸೇರಿದ್ದಾಳೆ. ಎಲ್ಲಿಗೆ ಅನ್ನಬೇಡ, ನಮ್ಮ ಹಿತ್ತಿಲಿಗೇ. ಹುಣಸೆಹಣ್ಣು ಕುಟ್ಟುವ ಕೆಲಸ. ಹೊಳವನಹಳ್ಳಿ ಕಡೆಯ ರಂಗರಾಜು ಅಂತ ಒಬ್ಬ ಲಗೇಜ್ ಆಟೋದಲ್ಲಿ ಮೂಟೆ ತಂದು ನಮ್ಮ ಬೀದಿಯ ಹೆಂಗಸರಿಗೆಲ್ಲ ಹಂಚುತ್ತಾನೆ. ಇವರು ಓಡು ಬಿಡಿಸಿ, ಹಣ್ಣನ್ನು ಕಲ್ಲಿನ ಮೇಲಿಟ್ಟು, ಸಣ್ಣ ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೆದು ಕೊಡಬೇಕು. ಅವಳ ಕಲ್ಲು ನಮ್ಮ ಹಿತ್ತಿಲ ಗೋಡೆಗೆ ಒರಗಿದೆ. ಗೋಡೆಯ ಆಚೆ ಲಕ್ಕಮ್ಮನ ಹಿತ್ತಿಲು, ಅಲ್ಲೂ ಒಂದು ಕಲ್ಲು. ಆ ಮುಂಡಮೋಚಿಯೂ ಕುಟ್ಟುತ್ತಾಳೆ. ನಾನು ಶಿರಾ–ಮಧುಗಿರಿ ಬಸ್ಸಿನಲ್ಲಿ ಕಂಡಕ್ಟರಾಗಿ ಆಯಸ್ಸೆಲ್ಲ ವಿಷಲ್ ಊದಿ ತಂದ ಸಂಬಳದಲ್ಲಿ ಸಿಗದ ರುಚಿ ಇವಳಿಗೆ ಈ ಹುಳಿಯಲ್ಲಿ ಸಿಕ್ಕಿದೆ.

ಆ ರಂಗರಾಜು ಕೂದಲಿಗೆ ಬಣ್ಣ ಹಾಕುತ್ತಾನೆ. ಮೂಟೆ ಇಳಿಸುವಾಗ ಇವಳನ್ನು "ಗಂಗಕ್ಕ" ಅನ್ನುತ್ತಾನೆ. ಬೇರೆಯವರನ್ನೂ ಅಕ್ಕ ಅನ್ನುತ್ತಾನೆ, ಒಪ್ಪಿದೆ. ಆದರೆ ಅವರ ಅಕ್ಕಕ್ಕೆ ಅಷ್ಟೊಂದು ಒತ್ತು ಬೀಳುವುದಿಲ್ಲ. ಹೊಟ್ಟೆಕಿಚ್ಚು ಅಂದುಕೊಳ್ಳಬೇಡ. ಕಿಚ್ಚಾಗಿದ್ದರೆ ನೀರು ಕುಡಿದು ಆರಿಸುತ್ತಿದ್ದೆ. ಇದು ಹೊಟ್ಟೆಹುಳಿ. ನೀರು ಹಾಕಿದಷ್ಟೂ ಬಿಟ್ಟುಕೊಳ್ಳುತ್ತದೆ.

ಮೊನ್ನೆ ಹೆಂಗಸರೆಲ್ಲ ಅವನ ಆಟೋ ಹತ್ತಿ ಕೊರಟಗೆರೆಗೆ ಕುಟ್ಟಿದ ಹಣ್ಣಿನ ತೂಕ ನೋಡಲು ಹೊರಟರು. ಇವಳೂ ಸೀರೆ ಬದಲಾಯಿಸಿ ಬಂದಳು. ಬಾಗಿಲಲ್ಲಿ ನೋಡುತ್ತಾಳೆ, ಚಪ್ಪಲಿ ಇಲ್ಲ. ಮಂಚದ ಕೆಳಗೆ ಹುಡುಕಿದಳು, ಒಲೆಯ ಹಿಂದೆ ಹುಡುಕಿದಳು. ಆಟೋ ಹೋಯಿತು. ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇಟ್ಟಿದ್ದೆ ಅಕ್ಕ, ಚಿಕ್ಕಂದಿನಲ್ಲಿ ನಿನ್ನದನ್ನು ಇಡುತ್ತಿದ್ದೆನಲ್ಲ, ಹಾಗೆ. ಇನ್ನೂ ಅಲ್ಲೇ ಇದೆ. ನಕ್ಕು ನಕ್ಕು ನನಗೆ ಕೆಮ್ಮು ಬಂತು. ಇವಳು ಮಾತ್ರ ನಗಲಿಲ್ಲ.

ನಿನ್ನ ಓಬಳ

*

ಪಾವಗಡ
21 ಫೆಬ್ರವರಿ 2024

ಓಬಳಾ, ನಿನ್ನ ಅಕ್ಕ ಬೊಮ್ಮಕ್ಕ ಬರೆಯುವುದು.

ಕಾಗದ ಓದಿ ಒಬ್ಬಳೇ ಕೂತು ನಕ್ಕೆ. ಸೊಸೆ ಬಂದು ಏನಾಯ್ತು ಅಂತ ಕೈಸನ್ನೆ ಮಾಡಿದಳು. ನನ್ನ ತಮ್ಮ ಅರವತ್ತು ದಾಟಿದರೂ ರಾಗಿ ವಾಡೆ ಬಿಟ್ಟಿಲ್ಲ ಅಂದೆ. ನಿನ್ನ ಕಾಟಕ್ಕೆ ನಾನು ಬರಿಗಾಲಲ್ಲಿ ಇಸ್ಕೂಲಿಗೆ ಹೋದದ್ದು, ಮೇಷ್ಟ್ರು ಕೇಳಿದರೆ ಚಪ್ಪಲಿ ರಾಗಿ ತಿನ್ನಲು ಹೋಗಿದೆ ಅಂತ ನೀನೇ ಉತ್ತರ ಕೊಟ್ಟದ್ದು, ಎಲ್ಲ ನೆನಪಾಯಿತು.

ಗಂಗಲಕ್ಷ್ಮಿಗೆ ನಗು ಕಮ್ಮಿ, ಅದು ನಿನಗೆ ಹೊಸದಲ್ಲ. ಬರಗೂರಿನಿಂದ ಮದುವೆಯಾಗಿ ಬಂದ ದಿನವೂ ಹಾಗೇ ಇದ್ದಳು. ಮಕ್ಕಳಿಲ್ಲದ ಮನೆ, ಹೊತ್ತು ಹೋಗುವುದಿಲ್ಲ, ಕುಟ್ಟಿಕೊಳ್ಳಲಿ ಬಿಡು. ಆದರೆ ಗಂಡಸರ ಆಟೋ ಹತ್ತಿ ತೂಕಕ್ಕೆ ಹೋಗುವುದು ನನಗೂ ಅಷ್ಟು ಸರಿ ಕಾಣಲಿಲ್ಲ. ನೀನು ಸಿಟ್ಟು ಮಾಡದೆ ನಗಿಸಿ ತಡೆದೆಯಲ್ಲ, ಅದು ಒಳ್ಳೆಯದಾಯಿತು. ಎಲ್ಲರ ಗಂಡಂದಿರಿಗೂ ಆ ಬುದ್ಧಿ ಇರುವುದಿಲ್ಲ.

ಚಪ್ಪಲಿ ವಾಪಸ್ ಕೊಟ್ಟುಬಿಡು ನಾಯನಾ. ಬಿಸಿಲು ಜೋರಾಗುತ್ತಿದೆ.

ಬೊಮ್ಮಕ್ಕ

*

ತೋವಿನಕೆರೆ
3 ಮಾರ್ಚ್ 2024

ಅಕ್ಕಾ,

ನಿನಗೆ ಕಿವಿ ಇಲ್ಲದ್ದು ದೇವರು ಕೊಟ್ಟ ವರ. ನನ್ನ ಕಿವಿಯ ಪಾಡು ಕೇಳು.

ನಾನು ಕಂಡಕ್ಟರು. ಒಂದು ವಿಷಲ್ ಅಂದರೆ ನಿಲ್ಲು, ಎರಡು ಅಂದರೆ ರೈಟ್. ಬಸ್ಸಿನಲ್ಲಿ ಕೋಳಿ ಕೂಗಲಿ, ಮಗು ಅಳಲಿ, ಡ್ರೈವರಿಗೂ ನನಗೂ ಆ ಎರಡೇ ಮಾತು. ಆ ಕಿವಿಯನ್ನು ರಿಟೈರಾದ ದಿನ ಬಸ್ಸಿನಲ್ಲೇ ಬಿಟ್ಟು ಬರಲು ಆಗಲಿಲ್ಲ.

ಗಂಗಲಕ್ಷ್ಮಿ ಹಿತ್ತಿಲಲ್ಲಿ ಕುಟ್ಟುತ್ತಾಳೆ, ಟಕ ಟಕ ಟಕ. ಅದು ಕೆಲಸ, ಲೆಕ್ಕಕ್ಕಿಲ್ಲ. ಬೆಳಿಗ್ಗೆ ಗೋಡೆಯ ಆಚೆಯಿಂದ ಒಂದೇ ಒಂದು ಏಟು ಬೀಳುತ್ತದೆ. ಟಕ್. ಇವಳು ಕೆಲಸ ನಿಲ್ಲಿಸುತ್ತಾಳೆ. ಆಮೇಲೆ ಇವಳ ಕಲ್ಲಿನಿಂದ ಎರಡು ಏಟು. ಟಕ್ ಟಕ್. ರೈಟ್. ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಸಂಜೆಯೂ ಅದೇ. ನಾನು ಅಂಗಡಿಗೆ ಹೋಗಿ ಬಂದರೂ ಅದೇ. ಇದು ಸಿಗ್ನಲ್ ಅಲ್ಲದಿದ್ದರೆ ನಾನು ಕಂಡಕ್ಟರೇ ಅಲ್ಲ.

ಆಚೆ ಕಡೆ ಇರುವುದು ಲಕ್ಕಮ್ಮ ಅನ್ನುತ್ತೀಯ. ಲಕ್ಕಮ್ಮನ ಮನೆ ಮುಂದೆ ಮೂಟೆ ಇಳಿಸುವವನು ಯಾರು? ಗೋಡೆಯ ಆಚೆ ಯಾರ ಕೈಯಲ್ಲಿ ಸುತ್ತಿಗೆ ಇದೆ ಅಂತ ಈಚೆಯಿಂದ ಕಾಣುತ್ತದಾ? ಗಂಡ ಮನೆಯಲ್ಲಿದ್ದಾನೋ ಇಲ್ಲವೋ ಅಂತ ಒಂದು ಏಟು ಕೇಳುತ್ತದೆ. ದಾರಿ ಸಾಫು, ಬಾ ಅಂತ ಎರಡು ಏಟು ಹೇಳುತ್ತದೆ.

ಏನದು ಅಂತ ಕೇಳಿದೆ. ತಲೆ ಎತ್ತದೆ ಹೇಳಿದಳು: "ನಾನು ಕುಟ್ತಾ ಇದ್ರೆ ತಾನೆ ನಾನಿವ್ನಿ ಅಂತ ನಾಕ್ ಜನಕ್ಕೆ ಗೊತ್ತಾಗೋದು."

ನಾಲ್ಕು ಜನ ಅಂದಳು ಅಕ್ಕ. ನನಗೆ ಗೊತ್ತಿದ್ದವನು ಒಬ್ಬ, ಈಗ ಇನ್ನು ಮೂವರನ್ನು ಹುಡುಕಬೇಕು.

ಈ ಸದ್ದು ಶುರುವಾಗುವ ಮೊದಲೇ ಅವಳ ಫೋನಿಗೆ ಒಂದು ಅಪಘಾತವಾಗಿತ್ತು. ಹುಣಸೆಹಣ್ಣು ನೆನೆಹಾಕಿದ ಪಾತ್ರೆಗೆ ತಾನೇ ಹೋಗಿ ಬಿತ್ತು. ನಾನು ತೆಗೆದು ಒಣಗಿಸಿದೆ, ಸಾರಿಗೆ ಆಗುತ್ತದೆ, ಮಾತಿಗೆ ಆಗುವುದಿಲ್ಲ. ಹಿತ್ತಿಲಿನಿಂದ ಆಚೆ ಹೋಗುವ ಬಾಗಿಲಿಗೆ ಬೀಗ ಹಾಕಿದ್ದೇನೆ. ಕಳ್ಳರ ಕಾಲ.

ಓಬಳ

*

ತೋವಿನಕೆರೆ
16 ಮಾರ್ಚ್ 2024

ಅಕ್ಕಾ,

ನೀನು ಉತ್ತರ ಬರೆಯುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ವಿಷಯ ದೊಡ್ಡದು. ಗಂಗಲಕ್ಷ್ಮಿಗೆ ತಲೆ ಕೆಟ್ಟಿದೆ.

ನಾನು ಹೇಳಿದ್ದಲ್ಲ, ಅವಳೇ ಒಪ್ಪಿಕೊಂಡಳು. ಹೋದ ವಾರ ತಿಂಡಿ ಇಟ್ಟು ಎದುರಿಗೆ ಕೂತು, "ಯಾಕೋ ನಂಗೆ ತಲೆ ಸರಿ ಇಲ್ಲ ಅನ್ನುಸ್ತೈತೆ. ತುಮಕೂರಲ್ಲಿ ಒಬ್ರು ಡಾಕ್ಟ್ರವ್ರಂತೆ, ಜೊತೇಲಿ ಬನ್ನಿ" ಅಂದಳು. ನನಗೆ ಎದೆಯ ಮೇಲಿನ ಲಗೇಜು ಇಳಿದ ಹಾಗಾಯಿತು. ಹೆಂಡತಿ ಕೆಟ್ಟವಳಾಗುವುದಕ್ಕಿಂತ ಹುಚ್ಚಿಯಾಗುವುದು ಎಷ್ಟೋ ವಾಸಿ. ಮರುದಿನವೇ ಬಸ್ಸು ಹತ್ತಿಸಿದೆ. ಕಿಟಕಿ ಸೀಟು ಕೊಡಲಿಲ್ಲ.

ಡಾಕ್ಟರು ಬಂಗಾರದಂಥ ಮನುಷ್ಯ. ಅವಳ ಹತ್ತಿರ ಒಂದು ಗಳಿಗೆ ಮಾತಾಡಿ ಆಚೆ ಕೂರಿಸಿದರು. ಮಿಕ್ಕ ಹೊತ್ತೆಲ್ಲ ನನ್ನ ಹತ್ತಿರವೇ. ಕಾಯಿಲೆ ಬಂದ ಹೆಂಗಸಿನ ವಿಷಯ ಗಂಡನಿಗೆ ತಾನೇ ಗೊತ್ತಿರುವುದು? ಶಬ್ದ ಯಾವಾಗಿನಿಂದ ಕೇಳುತ್ತಿದೆ, ನಿದ್ದೆ ಬರುತ್ತದಾ, ಯಾರ ಮೇಲೆ ಅನುಮಾನ, ಕೈ ಮಾಡಿದ್ದೀರಾ, ಹಿಂದೆ ಮನೆಯಲ್ಲಿ ಯಾರಿಗಾದರೂ ಹೀಗಿತ್ತಾ ಅಂತ ಎಲ್ಲ ಕೇಳಿದರು. ನಮ್ಮ ಅವ್ವನಿಗೆ ಇತ್ತು ಅಂದೆ. ನನ್ನ ಮಾತಿಗೆ ಒಂದು ಸಲವೂ ನಗಲಿಲ್ಲ, ಅದೊಂದೇ ಕುಂದು.

ಕೊನೆಗೆ ಅವಳನ್ನು ಒಳಗೆ ಕರೆದು ಮಾತ್ರೆ ಚೀಟಿ ಕೊಟ್ಟು, "ನೀವೇ ಜವಾಬ್ದಾರಿ ತಗೊಂಡು ದಿನಾ ಕೊಡ್ಬೇಕಮ್ಮ" ಅಂದರು. ದಿನಕ್ಕೆ ನೂರು ಜನರನ್ನು ನೋಡುವವರು, ಬಾಯಿ ತಪ್ಪುವುದು ಸಹಜ. ನಾನು ಏನೂ ತಿದ್ದಲಿಲ್ಲ. ಮಾತ್ರೆಗಳನ್ನು ಬಸ್ಸಿನಲ್ಲೇ ಅವಳ ಕೈಯಿಂದ ಇಸಿದುಕೊಂಡೆ.

ಅವಳಿಗೆ ಗೊತ್ತಾದರೆ ನುಂಗುವುದಿಲ್ಲ. ಪುಡಿ ಮಾಡಿ ಅಂಬಲಿಗೆ ಹಾಕಿ ಕೊಡುತ್ತೇನೆ. ಒಳ್ಳೆಯ ಮದ್ದು. ಕುಟ್ಟುತ್ತಾ ಕುಟ್ಟುತ್ತಾ ಹಾಗೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಾಳೆ. ಮಾತು ತೊದಲುತ್ತದೆ. ಮೊನ್ನೆ ಸುತ್ತಿಗೆ ಬೆರಳಿನ ಮೇಲೇ ಬಿತ್ತು, ನೋಡುತ್ತಾ ಕೂತಿದ್ದಳು, ಕೈ ಎಳೆದುಕೊಳ್ಳಲಿಲ್ಲ. ಕಾಯಿಲೆ ಎಷ್ಟು ಒಳಗೆ ಹೋಗಿತ್ತು ಅಂತ ಈಗ ತಿಳಿಯುತ್ತಿದೆ. ಥೇಟು ನಮ್ಮ ಅವ್ವನೇ.

ಓಬಳ

*

ಪಾವಗಡ
24 ಮಾರ್ಚ್ 2024

ಓಬಳಾ,

ನಿನ್ನ ಕಾಗದ ಬಂದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ನೇರವಾಗಿ ಕೇಳುತ್ತೇನೆ, ತಮಾಷೆ ಬಿಟ್ಟು ಹೇಳು.

ಡಾಕ್ಟರು ಪ್ರಶ್ನೆ ಕೇಳಿದ್ದು ನಿನ್ನನ್ನು. ಶಬ್ದ ಕೇಳುವುದು ನಿನಗೆ. ಅನುಮಾನ ನಿನ್ನದು. ಮಾತ್ರೆ ಕೊಡಬೇಕಾದವಳು ಅವಳು. ಹಾಗಾದರೆ ತಿನ್ನಬೇಕಾದವರು ಯಾರು? ನನಗೆ ಕಿವಿ ಇಲ್ಲದಿರಬಹುದು ಕಣೋ, ನೀನು ಬರೆದದ್ದನ್ನು ಓದಲು ಕಣ್ಣಿದೆ.

ಅವಳಿಗೆ ಆ ಮಾತ್ರೆ ನಿಲ್ಲಿಸು. ಇವತ್ತೇ. ಹಿತ್ತಿಲ ಬೀಗ ತೆಗೆ. ನಗುತ್ತಾ ಓದಿದ ನಿನ್ನ ಮೊದಲನೇ ಕಾಗದವನ್ನು ಈಗ ಓದಿದರೆ ನಗು ಬರುತ್ತಿಲ್ಲ. ಆ ಚಪ್ಪಲಿ ಕೊಟ್ಟೆಯಾ?

ಅವ್ವನ ಮಾತು ಯಾಕೆ ತಂದೆ?

ಬೊಮ್ಮಕ್ಕ

*

ತೋವಿನಕೆರೆ
30 ಮಾರ್ಚ್ 2024

ಬೊಮ್ಮಕ್ಕನವರಿಗೆ,

ಹುಣಸೆಹಣ್ಣು ಪಾವಗಡದ ಕಡೆಯೂ ಬೆಳೆಯುತ್ತದೆ. ಬಣ್ಣದ ಕೂದಲಿನ ಒಬ್ಬ ಮನುಷ್ಯ ಲಗೇಜ್ ಆಟೋ ತಗೊಂಡು ನಿಮ್ಮ ಮನೆಯ ಹತ್ತಿರ ಬಂದಿದ್ದನಾ? ಬಂದು ಕೂತು ಕಾಫಿ ಕುಡಿದನಾ? ನಿನ್ನ ಕಾಗದದಲ್ಲಿ ನಿನ್ನ ಮಾತಿಗಿಂತ ಬೇರೆಯವರ ಮಾತೇ ಜಾಸ್ತಿ ಕಂಡಿತು. ಅಕ್ಷರ ಮಾತ್ರ ನಿನ್ನದು.

ಎದುರು ಬಾಗಿಲಿಗೂ ಬೀಗ ಬಂದಿದೆ. ಬೀಗದ ಕೈ ನನ್ನ ಉಡಿದಾರದಲ್ಲಿದೆ. ಮೂಟೆಯನ್ನು ಕಿಟಕಿಯಿಂದಲೇ ಬಗ್ಗಿಸಿ ಇಳಿಸಿಕೊಳ್ಳುತ್ತೇನೆ, ನಾನೇ. ಅವಳಿಗೆ ಈಗ ಹಿತ್ತಿಲಲ್ಲಿ ಎದ್ದು ನಿಲ್ಲಲೂ ಗೋಡೆ ಬೇಕು. ಆದರೂ ಬೆಳಿಗ್ಗೆ ಆಚೆಯಿಂದ ಒಂದು ಏಟು ಬಿದ್ದರೆ ತೆವಳಿಕೊಂಡಾದರೂ ಹೋಗಿ ಎರಡು ಏಟು ಹಾಕುತ್ತಾಳೆ. ನಾನು ಕರೆದರೆ ತಿರುಗುವುದಿಲ್ಲ. ಆ ಗೋಡೆ ಕರೆದರೆ ತಿರುಗುತ್ತಾಳೆ.

ನನಗಿಂತ ಆ ಗೋಡೆಯಲ್ಲಿ ಏನಿದೆ?

ಓಬಳರಾಜು

*

ಪಾವಗಡ
3 ಏಪ್ರಿಲ್ 2024

ನನ್ನ ಮುದ್ದು ಓಬಳನಿಗೆ,

ಸಿಟ್ಟು ಮಾಡಿಕೊಂಡೆಯಾ? ಯಾವ ಆಟೋನೂ ಬಂದಿಲ್ಲ, ಯಾರೂ ಕಾಫಿ ಕುಡಿದಿಲ್ಲ. ವಯಸ್ಸಾದವಳು, ಏನೋ ಬರೆದುಬಿಟ್ಟೆ. ಆಮೇಲೆ ಯೋಚನೆ ಮಾಡಿದರೆ ನೀನು ಹೇಳುವುದೇ ಸರಿ ಅನ್ನಿಸಿತು. ಹೆಂಡತಿ ಹೆಂಗಿದ್ದಾಳೆ ಅಂತ ಗಂಡನಿಗಿಂತ ಹೆಚ್ಚಿಗೆ ಯಾರಿಗೆ ಗೊತ್ತು.

ಯುಗಾದಿಗೆ ಬರುತ್ತೇನೆ. ಅವ್ವ ಹೋದ ಮೇಲೆ ನಿನಗೆ ಹಬ್ಬದ ದಿನ ತಲೆಗೆ ಎಣ್ಣೆ ಒತ್ತುವವರು ಇಲ್ಲ. ಹರಳೆಣ್ಣೆ ತರುತ್ತೇನೆ. ಮೈಗೆಲ್ಲ ಹಚ್ಚಿ, ಬಿಸಿನೀರು ಕಾಯಿಸಿ, ಚೆನ್ನಾಗಿ ನೆನೆಸಿ ಕೂರಿಸುತ್ತೇನೆ. ಗಂಗಲಕ್ಷ್ಮಿಗೆ ಏನೂ ಹೇಳಬೇಡ. ಹೊರಗಿನವರ ಸುದ್ದಿಯೂ ಬೇಡ. ನಾವು ಅಕ್ಕ ತಮ್ಮ ಇಬ್ಬರೇ ಕೂತು ಹೋಳಿಗೆ ತಿನ್ನೋಣ.

ಬಸ್ ಸ್ಟ್ಯಾಂಡಿಗೆ ಬರಬೇಡ, ನಿನ್ನ ಮಂಡಿಗೆ ಕಷ್ಟ. ನಾನೇ ನಿಧಾನವಾಗಿ ನಡೆದುಕೊಂಡು ಬರುತ್ತೇನೆ.

ನಿನ್ನ ಬೊಮ್ಮಕ್ಕ

*

ತೋವಿನಕೆರೆ
12 ಏಪ್ರಿಲ್ 2024

ಬೊಮ್ಮಕ್ಕ ಎಂಬ ಕಳ್ಳಿಗೆ,

ಇದು ನಾನು ನಿನ್ನಿಂದ ಕಲಿತ ಚೇಷ್ಟೆಯಾ, ನೀನು ನನ್ನಿಂದ ಕಲಿತದ್ದಾ?

ಊರವರು ಕೇಳಿದರೆ ಏನು ಹೇಳಲಿ? ಹಬ್ಬದ ದಿನ ಬೆಳಗಾಗುತ್ತಲೇ ನನ್ನನ್ನು ಮಣೆಯ ಮೇಲೆ ಕೂರಿಸಿದೆ. ನೆತ್ತಿಗೆ ಎಣ್ಣೆ ಇಟ್ಟು, "ನೂರು ವರ್ಷ ಬಾಳು ನಾಯನಾ" ಅಂದೆ. ಕಣ್ಣಿಗೆ ಇಳಿಯುವಷ್ಟು ಒತ್ತಿದೆ. ಬೆನ್ನಿಗೆ, ಸೊಂಟಕ್ಕೆ ಹಚ್ಚುವಾಗ, "ಬೀಗದ ಕೈ ಜಿಡ್ಡಾಯ್ತದೆ, ತೆಗ್ದು ಕೊಡು" ಅಂದೆ. ಕೊಟ್ಟೆ. ಅಕ್ಕ ಕೇಳಿದ್ದಕ್ಕೆ ಕೊಟ್ಟೆ. ಬಚ್ಚಲುಮನೆಗೆ ಕಳಿಸಿ, ಇನ್ನೂ ನೆನೆಯಲಿ ಕೂತ್ಕೋ ಅಂದೆ. ಕೂತೆ. ಆಚೆಯಿಂದ ಚಿಲಕ ಬಿದ್ದ ಶಬ್ದ ನನ್ನ ಕಿವಿಗೆ ಬಿತ್ತು. ನಿನಗೆ ಕೇಳಿಸದ ಶಬ್ದವನ್ನು ನೀನೇ ಮಾಡಿದೆ.

ಮೊದಲು ತಮಾಷೆ ಅಂದುಕೊಂಡು ನಕ್ಕೆ. ಆಮೇಲೆ ಬಾಗಿಲು ಬಡಿದೆ. ಕಿವುಡಿಗೆ ಬಡಿದು ಏನು ಪ್ರಯೋಜನ? ಗಂಗಲಕ್ಷ್ಮಿಯನ್ನು ಕರೆದೆ. ಅವಳಿಗೆ ಕಿವಿ ಇದೆ.

ಆಗ ಅವಳ ಕಲ್ಲಿನಿಂದ ಒಂದು ಏಟು ಬಿತ್ತು. ಒಂದೇ. ಇಷ್ಟು ದಿನದಲ್ಲಿ ಅವಳ ಕಡೆಯಿಂದ ಒಂದು ಏಟು ನಾನು ಕೇಳಿರಲಿಲ್ಲ. ಬಸ್ಸು ನಿಂತಾಗ ಜನ ಹತ್ತುವ ಹಾಗೆ ಮನೆಯೊಳಗೆಲ್ಲ ಕಾಲು ಸದ್ದು. ಹೆಂಗಸರ ಕಾಲು, ಬಳೆಯ ಸದ್ದು. ಲಕ್ಕಮ್ಮನ ಗಂಟಲು. "ಮೆಲ್ಲುಗೆ, ಮೆಲ್ಲುಗೆ, ಕಾಲಿಗೇನೂ ಹಾಕಿಲ್ಲ ಅವ್ಳು" ಅಂತ ಯಾರೋ ಅಂದರು. ಆಮೇಲೆ ಕಲ್ಲಿನ ಮೇಲೆ ಎರಡು ಏಟು. ರೈಟ್. ಆಮೇಲೆ ಲಗೇಜ್ ಆಟೋ ಸ್ಟಾರ್ಟಾದ ಸದ್ದು.

ನಾನಿಲ್ಲದೆ ವಿಷಲ್ ಬಿದ್ದು, ನನ್ನನ್ನು ಬಿಟ್ಟು ಗಾಡಿ ಹೊರಟದ್ದು ನನ್ನ ಸರ್ವೀಸಿನಲ್ಲೇ ಮೊದಲು.

ಎಣ್ಣೆ ಮೈಯಲ್ಲಿ, ಚಡ್ಡಿಯಲ್ಲಿ, ಆ ಕತ್ತಲೆ ಗೂಡಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಗೋಡೆ ಗುದ್ದಿದೆ. ಅತ್ತದ್ದನ್ನು ಬರೆಯುವುದಿಲ್ಲ. ಕೊನೆಗೆ ಲಕ್ಕಮ್ಮ ಬಂದು ಚಿಲಕ ತೆಗೆದು, "ನೀರು ಆರೋಯ್ತು, ಬೇಗ ಉಯ್ಕಳಿ" ಅಂದಳು. ಅಷ್ಟೇ ಮಾತು.

ಅವಳನ್ನು ಆ ಬಣ್ಣದ ತಲೆಯವನ ಕೈಗೆ ಎಷ್ಟಕ್ಕೆ ಒಪ್ಪಿಸಿದೆ? ನಾನು ಹೇಳಿದ್ದೆ ತಾನೇ ಸಿಗ್ನಲ್ ಅಂತ? ಈಗ ಯಾರಿಗೆ ಹುಚ್ಚು?

ಓಬಳರಾಜು

*

ಪಾವಗಡ
22 ಏಪ್ರಿಲ್ 2024

ಓಬಳಾ,

ತಕ್ಷಣ ಬರೆಯಲಿಲ್ಲ. ಅವಳು ಎಚ್ಚರವಾಗಲಿ ಅಂತ ಕಾದೆ. ಮಾತ್ರೆಯ ಮಂಪರು ಇಳಿಯಲು ಬಹಳ ದಿನ ಹಿಡಿಯಿತು. ಇಲ್ಲಿನ ಡಾಕ್ಟರಿಗೆ ತೋರಿಸಿದೆ. ಈಗ ಎದ್ದು ಓಡಾಡುತ್ತಾಳೆ. ಬೆರಳಿನ ಗಾಯ ಮಾಯುತ್ತಿದೆ. ಉಗುರು ಹೋಗಿದೆ.

ರಂಗರಾಜು ನಮ್ಮಿಬ್ಬರನ್ನೂ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ನಿಂಬೆಹಣ್ಣಿನ ಶರಬತ್ತು ಕೊಡಿಸಿ, ವಾಪಸ್ ಹೋದ. ಅವನ ಹೆಂಡತಿಯೂ ಆಟೋದಲ್ಲಿದ್ದಳು. ಅದಕ್ಕಿಂತ ಹೆಚ್ಚಿನ ಕಥೆ ಅವನಲ್ಲಿಲ್ಲ. ನಾನು ನಿನ್ನ ಮನೆಗೆ ಬರುವ ಮೊದಲು ಲಕ್ಕಮ್ಮನ ಮನೆಗೆ ಹೋಗಿ ಕೂತಿದ್ದೆ. ಅದನ್ನು ನಿನಗೆ ಹೇಳಲಿಲ್ಲ. ಹೋಳಿಗೆಯ ಕಾಗದವೂ ಸುಳ್ಳು.

ನೀನು ಒಂದು ವಿಷಯದಲ್ಲಿ ಸರಿ. ಅದು ಸಿಗ್ನಲ್ಲೇ. ನನಗೆ ಕೇಳಿಸುವುದಿಲ್ಲ, ಆದರೆ ಹಬ್ಬದ ಹಿಂದಿನ ದಿನ ನಿಮ್ಮ ಹಿತ್ತಿಲ ಗೋಡೆಗೆ ಒರಗಿ ಕೂತಿದ್ದೆನಲ್ಲ, ಬೆನ್ನಿಗೆ ಯಾರೋ ತಟ್ಟಿದ ಹಾಗಾಯಿತು. ಅಂಗೈ ಇಟ್ಟು ನೋಡಿದೆ. ಒಂದು ಏಟು ಬಂತು. ಗಂಗಲಕ್ಷ್ಮಿ ತೂರಾಡುತ್ತಾ ಬಂದು ಎರಡು ಏಟು ಹಾಕಿದಳು. ಅವಳ ಮುಖ ನೋಡಿದೆ. ಅದು ಗಂಡಸನ್ನು ಕರೆಯುವ ಮುಖ ಅಲ್ಲಪ್ಪ.

ಬೆಳಿಗ್ಗೆ ಲಕ್ಕಮ್ಮ ಒಂದು ಏಟು ಹಾಕಿ, ಇದ್ದೀಯಾ ಅಂತ ಕೇಳುತ್ತಾಳೆ. ಇವಳು ಎರಡು ಹಾಕಿದರೆ, ಪರವಾಗಿಲ್ಲ, ಇವತ್ತು ನಡೆಯುತ್ತದೆ ಅಂತ. ಇವಳ ಕಡೆಯಿಂದ ಒಂದೇ ಬಿದ್ದರೆ ಬಂದುಬಿಡಿ ಅಂತ. ಫೋನು ಹುಳಿಯಲ್ಲಿ ಬಿದ್ದ ಮೇಲೆ ಗೋಡೆಯ ಆಚೆಯಿಂದ ಲಕ್ಕಮ್ಮನಿಗೆ ಇದನ್ನು ಕಲಿಸಿದವಳು ಇವಳೇ. ಇವಳಿಗೆ ಕಲಿಸಿದವನು ನೀನು. ಮದುವೆಯಾದ ಹೊಸದರಲ್ಲಿ ನಿನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ವಿಷಲ್ ಲೆಕ್ಕ ಹೇಳಿಕೊಟ್ಟಿದ್ದೆಯಂತೆ. ನಿನ್ನಿಂದ ತಪ್ಪಿಸಿಕೊಳ್ಳಲು ಅವಳ ಹತ್ತಿರ ಇದ್ದದ್ದು ನಿನ್ನದೇ ಮಾತು.

ಡಾಕ್ಟರ ವಿಷಯ. ನಿನಗೆ ಕಾಯಿಲೆ ಅಂದರೆ ನೀನು ಹೋಗುವವನಲ್ಲ. ಅದಕ್ಕೆ ತನಗೇ ಅಂತ ಹೇಳಿ ಕರೆದುಕೊಂಡು ಹೋದಳು. ಅವಳು ಜನ್ಮದಲ್ಲಿ ಒಂದೇ ಒಂದು ಸುಳ್ಳು ಆಡಿದಳು, ಅದನ್ನು ನೀನು ನಿಜ ಮಾಡಿದೆ. ನಿನ್ನ ಮಾತ್ರೆಯನ್ನೆಲ್ಲ ಅವಳು ತಿಂದಳು.

ಇನ್ನು ಅವ್ವನ ಮಾತು. ನೀನು ಚಿಕ್ಕವನು, ನಿನಗೆ ಗೊತ್ತಿಲ್ಲ. ಅವ್ವನಿಗೆ ಹುಚ್ಚು ಇರಲಿಲ್ಲ ಕಣೋ. ಅಪ್ಪನಿಗೆ ಬಾವಿಯ ಹತ್ತಿರ ಯಾರು ಕೆಮ್ಮಿದರೂ ಅವ್ವನಿಗೇ ಕೆಮ್ಮಿದ ಹಾಗೆ ಕೇಳುತ್ತಿತ್ತು. ಒಳಕೋಣೆಯಲ್ಲಿ ಕೂಡಿಹಾಕಿ, ಗಾಳಿ ಸೋಕಿದೆ ಅಂತ ಊರಿಗೆ ಹೇಳಿದ. ಕೂಡಿಹಾಕಿದ ಮೇಲೆ ಅವಳು ಕೂಗಿಕೊಂಡಳು. ಕೂಗಿದ್ದನ್ನು ಕೇಳಿ ಊರು ನಂಬಿತು. ನೀನು ಬಾಗಿಲ ಸಂದಿಯಲ್ಲಿ ಅಣಕಿಸಿ ಅವ್ವನನ್ನು ನಗಿಸುತ್ತಿದ್ದೆ. ನಿನ್ನ ಚೇಷ್ಟೆ ಶುರುವಾಗಿದ್ದು ಅಲ್ಲಿ. ನಾನು ಅದನ್ನು ನೋಡಿದ್ದೇನೆ, ಅದಕ್ಕೇ ನಿನ್ನನ್ನು ಪೂರ್ತಿ ದ್ವೇಷ ಮಾಡಲು ನನ್ನ ಕೈಲಿ ಆಗುತ್ತಿಲ್ಲ.

ಮೊನ್ನೆ ಗಂಗಲಕ್ಷ್ಮಿಯನ್ನು ಕೇಳಿದೆ, ಅವನು ಅಷ್ಟು ನಗಿಸುತ್ತಿದ್ದನಲ್ಲ, ಒಂದು ದಿನವಾದರೂ ಸಂತೋಷ ಇರಲಿಲ್ಲವಾ ಅಂತ. ನನಗೆ ತುಟಿ ಕಾಣುವ ಹಾಗೆ ಎದುರಿಗೆ ಕೂತು ನಿಧಾನವಾಗಿ ಹೇಳಿದಳು: "ಮೊದ್ಲು ಇತ್ತಕ್ಕ. ಆಮೇಲೆ, ನಗ್ದೇ ಇದ್ರೆ ಏನಾಯ್ತದೋ ಅಂತ ನಗ್ತಿದ್ದೆ. ಈ ವರ್ಸ ಅದೂ ಆಗ್ಲಿಲ್ಲ."

ಅವಳು ಬರುವುದಿಲ್ಲ. ಕರೆಯಲು ಬರಬೇಡ. ನಿನ್ನ ಮಾತ್ರೆ ಲಕ್ಕಮ್ಮನ ಹತ್ತಿರ ಕೊಟ್ಟಿದ್ದೇನೆ.

ಬೊಮ್ಮಕ್ಕ

*

ತೋವಿನಕೆರೆ
19 ಮೇ 2024

ಅಕ್ಕಾ,

ಈ ಸಲ ಸಾಷ್ಟಾಂಗ ಬೇಡ. ಬರೀ ನಮಸ್ಕಾರ.

ನಿನ್ನ ಕಾಗದಕ್ಕೆ ಉತ್ತರ ಬರೆದು ಹರಿದೆ, ಬರೆದು ಹರಿದೆ. ಒಂದರಲ್ಲಿ ನಿನ್ನನ್ನು ಬೈದಿದ್ದೆ. ಒಂದರಲ್ಲಿ ಅಪ್ಪನನ್ನು. ಅವ್ವನ ಬಗ್ಗೆ ಬರೆಯಲು ಹೋದರೆ ಒಂದು ತಮಾಷೆಯೂ ಹುಟ್ಟಲಿಲ್ಲ. ತಮಾಷೆ ಇಲ್ಲದೆ ನನಗೆ ಬರೆಯಲು ಬರುವುದಿಲ್ಲ ಅಂತ ಆಗ ಗೊತ್ತಾಯಿತು.

ಹುಣಸೆಹಣ್ಣಿನ ಕಾಲ ಮುಗಿಯಿತು. ಬೀದಿಯಲ್ಲಿ ಯಾರ ಮನೆಯಲ್ಲೂ ಕುಟ್ಟುವ ಸದ್ದಿಲ್ಲ. ಇಷ್ಟು ದಿನ ಸದ್ದಿಗೆ ಹೆದರಿದ್ದೆ. ಸದ್ದಿಲ್ಲದ ಮನೆ ಅದಕ್ಕಿಂತ ದೊಡ್ಡದಾಗಿ ಕೇಳುತ್ತದೆ. ಮನೆಯೊಳಗೆ ಕೂತು, ಯಾರೋ ಬಂದು ನಿಂತ ಹಾಗೆ ಅನ್ನಿಸಿ, ಒಳಗಿನಿಂದ ಚಿಲಕ ಹಾಕಿಕೊಂಡೆ. ಅಡುಗೆ ಮಾಡಲಿಲ್ಲ. ಎಷ್ಟು ದಿನ ಅಂತ ಕೇಳಬೇಡ.

ಹೋದ ವಾರ ಬೆಳಿಗ್ಗೆ ಗೋಡೆಯ ಆಚೆಯಿಂದ ಒಂದು ಏಟು ಬಿತ್ತು.

ಗಂಗಲಕ್ಷ್ಮಿ ನಿನ್ನ ಮನೆಯಲ್ಲಿದ್ದಾಳೆ. ಲಕ್ಕಮ್ಮನ ಮನೆಯಲ್ಲಿ ಒಂದು ಹಣ್ಣೂ ಇಲ್ಲ. ಹಾಗಾದರೆ ಆ ಏಟು ಯಾರಿಗೆ? ಮೊದಲು, ರಂಗರಾಜು ಬಂದಿದ್ದಾನೆ, ಅವಳು ಹೋದದ್ದು ಅವನಿಗೆ ಮರೆತಿದೆ ಅಂತ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಅದೇ ಮೊದಲು ಅನ್ನಿಸಿತು. ಆಮೇಲೆ ಮನೆಯೆಲ್ಲ ನೋಡಿದೆ. ಇದ್ದವನು ನಾನೊಬ್ಬನೇ.

ಸುತ್ತಿಗೆ ಅವಳ ಕಲ್ಲಿನ ಪಕ್ಕದಲ್ಲೇ ಇತ್ತು. ಹಿಡಿಯ ಮೇಲೆ ಹಣ್ಣಿನ ಜಿಗುಟು ಒಣಗಿ ಅವಳ ಬೆರಳಿನ ಗುರುತು ಕೂತಿದೆ. ಎರಡು ಏಟು ಹಾಕೋಣ, ರೈಟ್ ಅಂದುಬಿಟ್ಟರೆ ಮುಗಿಯಿತು ಅಂತ ಕೈ ಎತ್ತಿದೆ. ಒಂದು ಹಾಕಿದೆ. ಎರಡನೆಯದಕ್ಕೆ ಕೈ ಬರಲಿಲ್ಲ.

ಎದುರು ಬಾಗಿಲು ಬಡಿದ ಸದ್ದಾಯಿತು. ಎದ್ದು ಚಿಲಕ ತೆಗೆದೆ. ಲಕ್ಕಮ್ಮ ಒಂದು ಕೈಯಲ್ಲಿ ಅಂಬಲಿ, ಒಂದು ಕೈಯಲ್ಲಿ ಮಾತ್ರೆ ಹಿಡಿದು ನಿಂತಿದ್ದಳು. ಇಬ್ಬರು ಹೆಂಗಸರು ಹಿಂದೆ ನಿಂತಿದ್ದರು, ಒಬ್ಬಳ ಕೈಯಲ್ಲಿ ಒನಕೆ. ಮಾತ್ರೆ ಬಾಯಿಗೆ ಹಾಕಿಕೊಂಡೆ. "ನಾಲ್ಗೆ ಎತ್ತಿ" ಅಂದಳು. ನನ್ನ ಚೇಷ್ಟೆಗಳೆಲ್ಲ ಅವಳಿಗೆ ಪಾಠವಾಗಿವೆ. ಎತ್ತಿದೆ. ಈಗ ದಿನಾ ಎತ್ತುತ್ತಿದ್ದೇನೆ. ಸದ್ದುಗಳು ಇನ್ನೂ ಇವೆ, ಆದರೆ ಸ್ವಲ್ಪ ದೂರದ ಸ್ಟಾಪಿನಲ್ಲಿ ನಿಂತ ಹಾಗಿವೆ. ಹತ್ತಲು ನೋಡುತ್ತವೆ.

ನಿನ್ನ ಮೇಲೆ ನನಗೆ ಹುಳಿ ಇದೆ ಅಕ್ಕ. ಅವಳು ನಿನ್ನ ಮನೆಯಲ್ಲಿ ಸಾರಿಗೆ ಉಪ್ಪು ಸಾಲದು ಅಂತ ಬಾಯಿಬಿಟ್ಟು ಹೇಳುತ್ತಾಳಂತೆ, ಲಕ್ಕಮ್ಮ ಹೇಳಿದಳು. ಇಷ್ಟು ವರ್ಷ ನನ್ನ ಎದುರು ಹೇಳಿರಲಿಲ್ಲ. ನನ್ನ ಮನೆಯ ಉಪ್ಪು ಸರಿಯಾಗಿತ್ತು ಅಂದುಕೊಂಡಿದ್ದೆ.

ರಾಗಿ ವಾಡೆಯಿಂದ ಚಪ್ಪಲಿ ತೆಗೆದೆ. ಒರೆಸಿ, ಪೇಪರಿನಲ್ಲಿ ಸುತ್ತಿದೆ. ರಂಗರಾಜು ಮುಂದಿನ ವಾರ ಪಾವಗಡದ ಕಡೆ ಹೋಗುತ್ತಾನಂತೆ. ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಕೊಡುವಾಗ ನನ್ನ ಕೈ ಪೊಟ್ಟಣ ಬಿಡಲಿಲ್ಲ, ಅವನೇ ಮೆಲ್ಲಗೆ ಎಳೆದುಕೊಂಡ. ನೀನೇ ಬಾಗಿಲಲ್ಲಿ ನಿಂತು ಇಸಿದುಕೋ. ಅವನು ಅವಳ ಕೈಗೆ ಕೊಡುವುದು ಬೇಡ. ಇಷ್ಟನ್ನು ನನಗೆ ನಡೆಸಿಕೊಡು.

ಅವಳು ಅದನ್ನು ಹಾಕಿಕೊಂಡು ಎಲ್ಲೆಲ್ಲಿಗೆ ಹೋಗುತ್ತಾಳೆ ಅಂತ ನೋಡಿ ಬರೆ.

ಬೇಡ. ಬರೆಯಬೇಡ.

ಓಬಳ